ಗೆದ್ದ ವರ್ಷದಲ್ಲಿ ವರ್ಲಿನ್

ಸಾಲ್ಟ್ ಫೋರ್ಕ್ ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ವರ್ಲಿನ್ ಡ್ರೈಲಿಂಗ್ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಎರಡನೇ ಕೋಚ್ ಆಗಿದ್ದ. ಕ್ಯಾನ್ಸಾಸ್‌ನ ಗೋಧಿ ಸೀಮೆಯಲ್ಲೇ ಹುಟ್ಟಿದವನು. ಅದೇ ಕಾಲೇಜಿಗೆ ಪಿಚರ್ ಆಗಿ ಚೆಂಡೆಸೆಯುತ್ತಿದ್ದಾಗ, ಮೂರನೇ ವರ್ಷ ಭುಜ ಕೈಕೊಟ್ಟಿತು. ಊರಿಗೆ ಹೋಗಿ ಅಪ್ಪನ ಟ್ರ್ಯಾಕ್ಟರ್ ಹತ್ತುವ ಬದಲು ಮೈದಾನದಲ್ಲೇ ಉಳಿದುಬಿಟ್ಟ. ತಂಡದ ಬಸ್ಸು ಓಡಿಸುವವನು ಅವನೇ, ಪಿಚರ್‌ಗಳ ಕೈ ತಿದ್ದುವವನು ಅವನೇ, ಮನೆ ನೆನಪಾಗಿ ಮುಖ ಸಣ್ಣಗೆ ಮಾಡಿಕೊಂಡ ಹುಡುಗರನ್ನು ಹೆಂಡತಿ ಆರ್ಡಿಸ್‌ಳ ಅಡುಗೆಮನೆಗೆ ಕರೆತಂದು ಹೊಟ್ಟೆ ತುಂಬಿಸುವವನೂ ಅವನೇ. ಮುಖ್ಯ ಕೋಚ್ ಎಮ್ಮೆಟ್ ರೌಶ್ ಬೈಯುವುದಕ್ಕೆ, ವರ್ಲಿನ್ ಬೆನ್ನು ಸವರುವುದಕ್ಕೆ ಎಂದು ಕೆಲಸ ತಾನಾಗಿ ಹಂಚಿಹೋಗಿತ್ತು.

"ಮುದುಕ ಇಳಿದ್ಮೇಲೆ ನೀನೇ ಕಣಯ್ಯ" ಎಂದು ಊರಿಗೆ ಊರೇ ಹೇಳುತ್ತಿತ್ತು. ಕೇಳಿ ಕೇಳಿ ವರ್ಲಿನ್‌ಗೆ ಅದು ಬರೆದಿಟ್ಟ ಮಾತಿನಷ್ಟೇ ಖಚಿತವಾಗಿಬಿಟ್ಟಿತು.

ಎಮ್ಮೆಟ್ ಇಳಿದ. ಬೇಸಿಗೆಯ ಒಂದು ಮಧ್ಯಾಹ್ನ ಕಾಲೇಜಿನ ಕ್ರೀಡಾ ನಿರ್ದೇಶಕಿ ವರ್ಲಿನ್‌ನನ್ನು ಕರೆಸಿ, ಬಾಗಿಲು ಮುಂದೆ ಮಾಡಿ, "ವರ್ಲಿನ್, ನೀವು ಈ ತಂಡದ ಬೆನ್ನೆಲುಬು" ಎಂದಳು. ಬೆನ್ನೆಲುಬು ಎಂದ ಕೂಡಲೇ ತಲೆ ಬೇರೆ ಯಾರದೋ ಎಂದು ಅವನಿಗೆ ತಿಳಿಯಿತು.

ಆ ತಲೆ ಟ್ರೆವ್ ಹೋಲ್ಕಂಬ್‌ನದು. ವಯಸ್ಸು ಮೂವತ್ತೊಂದು. ಇನ್ನಾರೋ ಆಗಿದ್ದರೆ ವರ್ಲಿನ್ ಒಂದು ವಾರ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದನೋ ಏನೋ. ಆದರೆ ಟ್ರೆವ್‌ನನ್ನು ಪಶ್ಚಿಮದ ಯಾವುದೋ ಮೂಲೆಯ ಶಾಲೆಯಲ್ಲಿ ಕಂಡು, ಅವನ ಅಪ್ಪ ಅಮ್ಮನನ್ನು ಒಪ್ಪಿಸಿ ಕಾಲೇಜಿಗೆ ಕರೆತಂದವನು ವರ್ಲಿನ್ನೇ. ನಾಲ್ಕು ವರ್ಷ ಅವನು ಭಾನುವಾರದ ಊಟ ಉಂಡದ್ದು ಆರ್ಡಿಸ್‌ಳ ಮೇಜಿನಲ್ಲಿ. ಆಮೇಲೆ ದೊಡ್ಡ ಊರುಗಳಲ್ಲಿ ಸಹಾಯಕನಾಗಿ ದುಡಿದು, ಈಗ ಗುರುವಿನ ತಲೆಯ ಮೇಲೆ ಬಂದು ಕೂತ.

ಬಂದ ದಿನವೇ ಟ್ರೆವ್ ಅವರ ಮನೆ ಬಾಗಿಲಿಗೆ ಬಂದ. ಟೋಪಿ ಕೈಯಲ್ಲಿತ್ತು.

"ಕೋಚ್, ನೀವಿಲ್ದೆ ನಂಗೆ ಈ ಕೆಲ್ಸ ಆಗಲ್ಲ. ದಯವಿಟ್ಟು ಬಿಟ್ಟು ಹೋಗ್ಬೇಡಿ."

"ಎಲ್ಲಿಗಪ್ಪ ಹೋಗ್ಲಿ, ಈ ವಯಸ್ಸಲ್ಲಿ?" ಎಂದ ವರ್ಲಿನ್. "ನೀನು ಹೇಳು, ನಾನು ಮಾಡ್ತೀನಿ. ಈಗ ನೀನೇ ಅಲ್ವ ಕೋಚು."

ಆ ಕೊನೆಯ ಮಾತಿನಲ್ಲಿದ್ದ ಮುಳ್ಳು ಟ್ರೆವ್‌ಗೆ ತಾಕಿತೋ ಇಲ್ಲವೋ, ಅವನು ಆರ್ಡಿಸ್ ಕೊಟ್ಟ ಕಾಫಿ ಕುಡಿದು ಹೊರಟುಹೋದ.

ಫೆಬ್ರವರಿಯ ಕೊರೆಯುವ ಗಾಳಿಯಲ್ಲಿ ಆಟ ಶುರುವಾಯಿತು. ಮೊದಲ ಎರಡು ಪಂದ್ಯ ಸೋತರು. ವರ್ಲಿನ್ ಬಸ್ಸಿನಲ್ಲಿ ಸಾವಿನ ಮನೆಯ ಮುಖ ಹೊತ್ತು ಬಂದವನು, ಮನೆಗೆ ಬಂದು ಬೂಟು ಬಿಚ್ಚುವಾಗ ಸಿಳ್ಳೆ ಹಾಕುತ್ತಿದ್ದ.

"ಸೋತು ಬಂದೋನು ಸಿಳ್ಳೆ ಹಾಕ್ತಾ ಇದೀಯಲ್ಲ" ಎಂದಳು ಆರ್ಡಿಸ್.

"ಚಳಿಗೆ" ಎಂದ.

ಮೂರನೆಯದು ಗೆದ್ದರು. ನಾಲ್ಕನೆಯದೂ ಗೆದ್ದರು. ಆಮೇಲೆ ಗೆಲುವು ಒಂದು ಚಾಳಿಯೇ ಆಗಿಹೋಯಿತು. ಟ್ರೆವ್ ಅಭ್ಯಾಸದ ವೇಳೆ ಹಾಡು ಹಾಕಿಸಿದ. ತಪ್ಪು ಮಾಡಿದವರನ್ನು ಮೈದಾನ ಸುತ್ತಿಸುವ ಎಮ್ಮೆಟ್‌ನ ಪದ್ಧತಿ ಕೈಬಿಟ್ಟ. ಹುಡುಗರು ನಗುತ್ತಾ ಆಡಿದರು, ನಗುತ್ತಾ ಗೆದ್ದರು. 'ಇದೇನು ಆಟವೋ ಮದುವೆಮನೆಯೋ' ಎಂದು ವರ್ಲಿನ್ ಮನಸ್ಸಿನಲ್ಲೇ ಹಲ್ಲು ಕಡಿದ. ಒಂದೊಂದು ಗೆಲುವಿಗೂ ಅವನು ಎದ್ದು ಚಪ್ಪಾಳೆ ತಟ್ಟುತ್ತಿದ್ದ. ಒಂದೊಂದು ಚಪ್ಪಾಳೆಗೂ ಹೊಟ್ಟೆಯೊಳಗೆ ಕೆಂಡ ಕೆದಕಿದಂತಾಗುತ್ತಿತ್ತು. ಗೆಲ್ಲಿಸುತ್ತಿದ್ದವರು ತಾನು ತಿದ್ದಿದ ಪಿಚರ್‌ಗಳು. ಪತ್ರಿಕೆಯಲ್ಲಿ ಪಟ ಬರುತ್ತಿದ್ದದ್ದು ಟ್ರೆವ್‌ನದು.

ಊರಿನವರ ಬಾಯಿಗೆ ಬೀಗವಿಲ್ಲ. ಡಾರ್ಲಾಳ ಹೋಟೆಲಿನಲ್ಲಿ ಚಿಲ್ಲಿ ಎನ್ನುವ ಖಾರದ ಮಾಂಸದ ಸಾರಿನ ಬಟ್ಟಲು, ಪಕ್ಕದಲ್ಲಿ ದಾಲ್ಚಿನ್ನಿ ರೋಲು ಇಟ್ಟುಕೊಂಡು ಕೂತರೆ ಸಾಕು, ಯಾರಾದರೂ ಹೆಗಲ ಮೇಲೆ ಕೈ ಹಾಕುತ್ತಿದ್ದರು.

"ಏನಯ್ಯ ವರ್ಲಿನ್, ಇಷ್ಟು ವರ್ಷ ಈ ಹುಡ್ಗನ್ನ ಎಲ್ಲಿ ಬಚ್ಚಿಟ್ಟಿದ್ರಿ?"

"ನಾನೇ ತಂದಿದ್ದು ಅವನ್ನ" ಎಂದರೆ, "ಹೌದಾ? ಒಳ್ಳೇದೇ ಮಾಡ್ದೆ ಬಿಡು. ಇಲ್ದಿದ್ರೆ ನಿನ್ನನ್ನೇ ಕೂರಿಸ್ತಿದ್ರೇನೋ!" ಎಂದು ನಗು. ನಗುವವರಲ್ಲಿ ಕೇಡಿರಲಿಲ್ಲ. ಅದೇ ಅವನಿಗೆ ಇನ್ನೂ ಕಷ್ಟ. ಕೇಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಟ್ರೆವ್‌ನಲ್ಲೂ ಕೇಡಿರಲಿಲ್ಲ. ಪ್ರತಿಯೊಂದಕ್ಕೂ "ಕೋಚ್, ನೀವೇನಂತೀರಿ?" ಎಂದು ಕೇಳುತ್ತಿದ್ದ. ಹುಡುಗರ ಮುಂದೆ "ಇವರ ಮಾತು ನನ್ನ ಮಾತಿಗಿಂತ ಮೇಲು" ಎನ್ನುತ್ತಿದ್ದ. ಅವನ ಅಂಗಿಯ ಮಡಿಕೆ, ಹೆಸರು ಹಿಡಿದು ಪ್ರತಿ ಹುಡುಗನ ತಾಯಿಯನ್ನು ಮಾತಾಡಿಸುವ ರೀತಿ, ಸಂದರ್ಶನದಲ್ಲಿ ತಡವರಿಸದೆ ಬರುವ ಮಾತು, ಎಲ್ಲವನ್ನೂ ವರ್ಲಿನ್ ಕದ್ದು ನೋಡುತ್ತಿದ್ದ. ಒಂದೇ ಒಂದು ಕೊಳಕು ಸಿಕ್ಕಿದರೆ ಸಾಕಿತ್ತು, ಸಿಗಲಿಲ್ಲ.

ಮೇ ತಿಂಗಳು. ಗೋಧಿ ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ತಂಡ ಪ್ರಾಂತ್ಯದ ಅಂತಿಮ ಪಂದ್ಯಕ್ಕೆ ಬಂದು ನಿಂತಿತು. ಗೆದ್ದರೆ ಕಾಲೇಜಿನ ಚರಿತ್ರೆಯಲ್ಲೇ ಮೊದಲ ಸಲ ರಾಷ್ಟ್ರಮಟ್ಟಕ್ಕೆ ಹೋಗಬಹುದು. ಚೆಂಡೆಸೆಯಲು ಇಳಿದವನು ಮೈಕಾ ಒಕ್ಸ್‌ನರ್. ಮಾತು ಕಡಿಮೆ, ಕೈ ಉದ್ದ, ವರ್ಲಿನ್‌ನ ಅಚ್ಚುಮೆಚ್ಚಿನ ಹುಡುಗ. ಬಿಸಿಲಲ್ಲಿ ಕೊನೆಯ ಸರದಿಯವರೆಗೂ ಒಬ್ಬನೇ ಎಸೆದ. ಸಾಲ್ಟ್ ಫೋರ್ಕ್ ಒಂದೇ ರನ್ನು ಮುಂದಿತ್ತು. ಎದುರಾಳಿಗಳಲ್ಲಿ ಒಬ್ಬ ಔಟಾಗಿದ್ದ, ಇನ್ನಿಬ್ಬರು ಔಟಾದರೆ ಆಟ ಮುಗಿದಂತೆ. ಇಬ್ಬರು ಬೇಸ್‌ಗಳ ಮೇಲೆ ಓಡಲು ಕಾಲು ಕೆರೆಯುತ್ತ ನಿಂತಿದ್ದರು. ಬ್ಯಾಟು ಹಿಡಿದು ಬರುತ್ತಿದ್ದವನು ಅವರ ಪೈಕಿ ಬಲಿಷ್ಠ.

ಮೈಕಾನ ಮೊಣಕೈ ಕುಸಿಯುತ್ತಿತ್ತು. ವರ್ಲಿನ್‌ಗೆ ಅದು ಕಂಡಿತ್ತು. ತನ್ನ ಭುಜ ಹೋದ ದಿನ ತನ್ನ ಕೈಯೂ ಹೀಗೇ ಕೆಳಗಿಳಿದಿತ್ತು, ಆಗಿನ ಕೋಚ್ ನೋಡಿಯೂ ನೋಡದಂತಿದ್ದ. ಬೇಲಿಯಾಚೆ ಇನ್ನೊಬ್ಬ ಪಿಚರ್ ಮೈ ಬೆಚ್ಚಗೆ ಮಾಡಿಕೊಂಡು ಸಿದ್ಧನಾಗಿದ್ದ.

ತಂಡ ಕೂರುವ ತಗ್ಗಿನ ಮೆಟ್ಟಿಲ ಬಳಿ ಟ್ರೆವ್ ಅವನ ಪಕ್ಕ ಬಂದು ನಿಂತ.

"ಕೋಚ್, ತೆಗೀಲಾ ಅವನ್ನ? ನಂಗೆ ತೆಗೀಬೇಕು ಅನ್ನಿಸ್ತಿದೆ. ನೀವೇನಂತೀರಿ?"

ತೆಗಿ ಎನ್ನಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ "ಟ್ರೆವ್! ಟ್ರೆವ್!" ಎಂದು ಕೂಗಲು ಶುರುಮಾಡಿದರು, ಇಡೀ ಗ್ಯಾಲರಿ ಅದಕ್ಕೆ ದನಿಗೂಡಿಸಿತು. ವರ್ಲಿನ್‌ನ ಒಳಗೆ ನಾಲ್ಕು ತಿಂಗಳಿಂದ ಬೆಂದದ್ದು ಉಕ್ಕಿ ಬಂತು. ಸೋಲಲಿ, ಒಂದು ಸಲ ಸೋಲಲಿ, ಈ ಹೆಸರು ಕೂಗುವ ಬಾಯಿಗಳು ಒಮ್ಮೆ ಮುಚ್ಚಲಿ.

"ಬಿಡು ಅವನ್ನ" ಎಂದ. "ಕೈ ಗಟ್ಟಿಯಾಗಿದೆ. ಮುಗಿಸ್ತಾನೆ."

"ನಿಜವಾಗ್ಲೂ?"

"ಮೂವತ್ತು ವರ್ಷದಿಂದ ಇದನ್ನೇ ನೋಡ್ತಿದೀನಿ. ಬಿಡು ಅಂದ್ನಲ್ಲ."

ಟ್ರೆವ್ ತಲೆಯಾಡಿಸಿ ಹಿಂದೆ ಸರಿದ. ಮೈಕಾ ಎಸೆದ. ಚೆಂಡು ಸೊರಗಿ ಬಂತು, ಬ್ಯಾಟಿನವನು ಬಲವಾಗಿ ಬೀಸಿದ. ಅದು ಗಾಳಿಗೆ ಏರಿದ್ದರೆ ಕತೆ ಮುಗಿಯುತ್ತಿತ್ತು. ಏರಲಿಲ್ಲ. ನೆಲಕ್ಕೆ ಬಡಿದು ಪುಟಿದು ನೇರವಾಗಿ ಎರಡನೇ ಬೇಸ್ ಪಕ್ಕ ಕಾಯುವ ಶಾರ್ಟ್‌ಸ್ಟಾಪ್ ಹುಡುಗನ ಕೈಗೆ ಹೋಯಿತು. ಅಲ್ಲಿಂದ ಎರಡನೇ ಬೇಸ್‌ಗೆ, ಅಲ್ಲಿಂದ ಮೊದಲನೆಯದಕ್ಕೆ. ಒಂದೇ ಏಟಿಗೆ ಇಬ್ಬರು ಔಟು. ಆಟ ಮುಗಿಯಿತು.

ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಗುಡ್ಡೆಯಾದರು. ಆ ಗುಡ್ಡೆಯಿಂದ ಮೈಕಾನನ್ನು ಎಳೆದೆತ್ತಿ ಟ್ರೆವ್ ಕಿವಿಯಲ್ಲಿ ಏನೋ ಹೇಳಿದ, ಹುಡುಗ ನೇರ ವರ್ಲಿನ್‌ನ ಬಳಿ ಓಡಿಬಂದು ತಬ್ಬಿಕೊಂಡ.

"ಟ್ರೆವ್ ಹೇಳಿದ್ರು ಕೋಚ್. ನೀವು ಬಿಡು ಅಂದ್ರಂತೆ. ನನ್ನ ಮೇಲೆ ಅಷ್ಟು ನಂಬ್ಕೆ ಇಟ್ರಲ್ಲ!"

ಹುಡುಗನ ಬಲಗೈ ನಡುಗುತ್ತಿದ್ದುದು ವರ್ಲಿನ್‌ನ ಬೆನ್ನಿಗೆ ತಿಳಿಯುತ್ತಿತ್ತು.

ಟ್ರೆವ್ ಅಷ್ಟಕ್ಕೇ ನಿಲ್ಲಲಿಲ್ಲ. ಪತ್ರಿಕೆಯವರ ಮುಂದೆ, "ನಾನೊಬ್ನೇ ಆಗಿದ್ರೆ ಅವನ್ನ ತೆಗೆದುಬಿಡ್ತಿದ್ದೆ. ಇದು ಕೋಚ್ ಡ್ರೈಲಿಂಗ್ ಅವರ ಗೆಲುವು" ಎಂದ. ಮೊದಲ ಬಾರಿಗೆ ವರ್ಲಿನ್‌ನ ಪಟ ಊರಿನ ಪತ್ರಿಕೆಯ ಮುಖಪುಟದಲ್ಲಿ ಬಂತು. ಬಾಯಾರಿದ್ದವನಿಗೆ ನೀರು ಸಿಕ್ಕಿತು, ಆದರೆ ಉಪ್ಪುನೀರು. ಡಾರ್ಲಾ ಅವನ ಬಟ್ಟಲು ತುಂಬಿಸಿ, "ಇವತ್ತಿನ ಬಿಲ್ಲು ನಂದು" ಎಂದು ಕೆನ್ನೆಗೆ ಮುತ್ತು ಕೊಟ್ಟಳು. ಜನ ಎದ್ದು ನಿಂತು ಕೈ ಕುಲುಕಿದರು. ಚಮಚ ಎತ್ತಲು ಆಗದೆ, ಹೊಟ್ಟೆ ಸರಿಯಿಲ್ಲವೆಂದು ಎದ್ದು ಬಂದ.

ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ ಆರ್ಡಿಸ್‌ಳ ಮುಂದೆ ಕೂತು ಎಲ್ಲ ಹೇಳಿದ. ಅವಳ ಕೈ ನಿಂತಿತು.

"ಸೋಲ್ಲಿ ಅಂತ ಹೇಳ್ದೆಯಾ?"

"ಹೂಂ."

"ಟ್ರೆವ್ ವಿಷ್ಯ ಬಿಡು, ಅವ್ನು ದೊಡ್ಡೋನು. ಆ ಹುಡ್ಗನ ಮೊಣಕೈ ಹೋಗಿದ್ರೆ? ನಿನ್ನ ಭುಜ ಹಾಳು ಮಾಡ್ದ ಅಂತ ನಿನ್ನ ಕೋಚ್‌ಗೆ ಇವತ್ತಿನ ತನಕ ಶಾಪ ಹಾಕ್ತೀಯ ನೀನು."

ವರ್ಲಿನ್ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ನನ್ನ ಹತ್ರ ಅತ್ತು ಹಗುರ ಆಗ್ಬೇಡ. ಹೋಗಿ ಹೇಳ್ಬೇಕಾದೋರಿಗೆ ಹೇಳು" ಎಂದು ಅವಳು ಮತ್ತೆ ಆಲೂಗಡ್ಡೆ ಕೈಗೆತ್ತಿಕೊಂಡಳು.

ಮರುದಿನ ಟ್ರೆವ್ ಮೈದಾನಕ್ಕೆ ನೀರು ಬಿಡುತ್ತಿದ್ದ. ವರ್ಲಿನ್ ನಿಂತಲ್ಲೇ ಹೇಳಿ ಮುಗಿಸಿದ. ಟ್ರೆವ್ ನೀರು ನಿಲ್ಲಿಸಿ ಪೈಪು ಕೆಳಗಿಟ್ಟ.

"ನಿಮಗೆ ನನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಅಂತ ನಂಗೆ ಮೊದಲ ದಿನದಿಂದ್ಲೂ ಗೊತ್ತು. ನಿಮ್ಮ ಜಾಗದಲ್ಲಿ ನಾನಿದ್ರೂ ಉರೀತಿತ್ತು. ಅದಕ್ಕೇ ಎಲ್ಲದಕ್ಕೂ ನಿಮ್ಮನ್ನ ಕೇಳ್ತಿದ್ದೆ, ಸ್ವಲ್ಪ ತಣ್ಣಗಾಗುತ್ತೇನೋ ಅಂತ. ಮೈಕಾ ಏನು ಮಾಡಿದ್ದ, ವರ್ಲಿನ್?"

ಹದಿಮೂರು ವರ್ಷದಲ್ಲಿ ಟ್ರೆವ್ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಕೆಲ್ಸ ಬಿಡ್ತೀನಿ."

"ಬಿಟ್ಟು ಓಡೋದು ಸುಲಭ. ಮೊದ್ಲು ಅವನಿಗೆ ಹೇಳಿ."

ಮೈಕಾ ಮೊಣಕೈಗೆ ಮಂಜುಗಡ್ಡೆ ಕಟ್ಟಿಕೊಂಡು ಕೂತಿದ್ದ. ಪುಣ್ಯಕ್ಕೆ ಕೈಗೆ ಏನೂ ಆಗಿರಲಿಲ್ಲ, ಬರೀ ನೋವು. ಕೇಳಿಸಿಕೊಂಡು ಅವನು ಕೂಗಾಡಲಿಲ್ಲ. "ನಿಮ್ಮ ಪಟ ಇದ್ದ ಪೇಪರ್ ನಮ್ಮಮ್ಮಂಗೆ ಕಳ್ಸಿದೀನಿ" ಎಂದಷ್ಟೇ ಹೇಳಿ ಎದ್ದು ಹೋದ. ಅವತ್ತಿನಿಂದ ಅಭ್ಯಾಸಕ್ಕೆ ಬಂದರೆ ಬೇರೆ ಕಡೆ ನಿಂತು ಎಸೆಯುತ್ತಿದ್ದ.

ರಾಷ್ಟ್ರಮಟ್ಟದಲ್ಲಿ ಒಂದು ಗೆದ್ದು ಎರಡು ಸೋತರು. ಅಲ್ಲಿ ಟ್ರೆವ್ ವರ್ಲಿನ್‌ನನ್ನು ಏನೂ ಕೇಳಲಿಲ್ಲ. ಕೊನೆಯ ಪಂದ್ಯ ಸೋತಾಗ ವರ್ಲಿನ್ ತನ್ನೊಳಗೆ ತಡಕಿ ನೋಡಿಕೊಂಡ, ಎಲ್ಲಾದರೂ ಖುಷಿ ಇದೆಯೇ ಎಂದು. ಇರಲಿಲ್ಲ. ಹುಡುಗರ ಜೊತೆ ಕೂತು ಅವನೂ ಅತ್ತ. ಸದ್ಯ, ಹಾಳು ಮತ್ಸರ ಸತ್ತಿತು ಎಂದುಕೊಂಡ. ಮೂರೇ ದಿನಕ್ಕೆ ಊರಿನವರು ಟ್ರೆವ್‌ನನ್ನು ಅಗ್ನಿಶಾಮಕದ ಗಾಡಿ ಹತ್ತಿಸಿ ಮೆರವಣಿಗೆ ಮಾಡಿದರು. ಗಾಡಿ ತನ್ನ ಮುಂದೆ ಹಾದಾಗ ಸತ್ತಿದ್ದ ಮತ್ಸರ ಎದ್ದು ಮೈಮುರಿಯಿತು.

"ಮತ್ತೆ ಉರೀತಿದೆಯಾ?" ಎಂದು ಕೇಳಿದಳು ಪಕ್ಕದಲ್ಲಿ ಬಾವುಟ ಹಿಡಿದು ನಿಂತಿದ್ದ ಆರ್ಡಿಸ್.

"ಉರೀತಿದೆ."

"ಉರೀಲಿ. ಕೈ ಮಾತ್ರ ಜೇಬಲ್ಲಿರ್ಲಿ, ಬಾಯಿ ಮುಚ್ಚಿರ್ಲಿ."

ಅವನು ಕೆಲಸ ಬಿಡಲಿಲ್ಲ. ಟ್ರೆವ್ ಬಿಡಗೊಡಲೂ ಇಲ್ಲ. ಮುಂದಿನ ವಸಂತದಲ್ಲಿ ಮೈಕಾ ಒಂದು ದಿನ ಬಂದು, "ಈ ಹಿಡಿತ ಸರಿಯಾಗಿದೆಯಾ ನೋಡಿ" ಎಂದು ಚೆಂಡು ಮುಂದೆ ಹಿಡಿದ. ಕ್ಷಮಿಸಿದೆ ಎನ್ನಲಿಲ್ಲ, ವರ್ಲಿನ್ ಕೇಳಲೂ ಇಲ್ಲ. ಬೆರಳನ್ನು ಕೂದಲೆಳೆಯಷ್ಟು ಸರಿಸಿ ಕೊಟ್ಟ.

ಎರಡು ವರ್ಷದ ಮೇಲೆ ದೊಡ್ಡ ವಿಶ್ವವಿದ್ಯಾಲಯವೊಂದು ಟ್ರೆವ್‌ನನ್ನು ಕರೆಸಿಕೊಂಡಿತು. ಹೋಗುವ ಮುನ್ನ ಅವನು ನಿರ್ದೇಶಕಿಗೆ ಏನು ಹೇಳಿದನೋ, ಕುರ್ಚಿ ವರ್ಲಿನ್‌ಗೆ ಬಂತು. ಆರು ವರ್ಷ ಕೂತ. ತಂಡ ಗೆದ್ದಷ್ಟೇ ಸೋತಿತು. "ಟ್ರೆವ್ ಇದ್ದಾಗ ಹಿಂಗಿರ್ಲಿಲ್ಲ" ಎಂಬ ಮಾತು ಹೋಟೆಲಿನಲ್ಲಿ ಅವನಿಗೆ ಕೇಳಿಸುವಷ್ಟು ಜೋರಾಗಿಯೇ ಬರುತ್ತಿತ್ತು. ಎದುರಿಗಿದ್ದವನ ಮೇಲಿನ ಹೊಟ್ಟೆಕಿಚ್ಚಿಗಿಂತ ಎದುರಿಗಿಲ್ಲದವನ ಮೇಲಿನದು ಕೆಟ್ಟದು. ಕಣ್ಣೆದುರು ಇದ್ದವನು ಒಮ್ಮೆಯಾದರೂ ಮುಗ್ಗರಿಸಿಯಾನು.

ಅವನಿಗೂ ಒಬ್ಬ ಸಹಾಯಕ ಬಂದ, ಕೋಲ್ಬಿ ಉನ್ರು, ಚುರುಕಿನವನು. ಬಿಗಿಯಾದ ಒಂದು ಪಂದ್ಯದಲ್ಲಿ ಪಿಚರ್‌ನನ್ನು ತೆಗೆಯಲೋ ಬಿಡಲೋ ಎಂದು ವರ್ಲಿನ್ ಅವನನ್ನು ಕೇಳಿದ.

"ಬಿಡಿ ಕೋಚ್, ಎಸೀತಾನೆ" ಎಂದ ಕೋಲ್ಬಿ.

ವರ್ಲಿನ್ ಅವನ ಮುಖವನ್ನು ಒಂದು ಗಳಿಗೆ ನೆಟ್ಟಗೆ ನೋಡಿದ. ಅಲ್ಲೇನು ಕಂಡಿತೋ, ಏನೂ ಕಾಣಲಿಲ್ಲವೋ. ಟೋಪಿ ಸರಿಮಾಡಿಕೊಂಡು, ಮೈದಾನಕ್ಕಿಳಿದು, ಹುಡುಗನ ಕೈಯಿಂದ ಚೆಂಡು ಇಸಿದುಕೊಂಡು ಅವನನ್ನು ಹೊರಗೆ ಕರೆತಂದ.