ಪ್ರಮೀಳೆಯ ಕಾಲು, ಅಜ್ಜಿಯ ಪಥ್ಯ

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ, ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿದ ವಾರ, ತಂಗಿ ಪ್ರಮೀಳೆಯ ಬಲಗಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಅವಳಿಗಾಗ ಏಳು ವರ್ಷ. ಮೊಣಕಾಲಿನ ಕೆಳಗೆ ಎರಡು ಮೂಳೆಗಳಿರಬೇಕು; ಹೊರಬದಿಯ ಸಪೂರ ಮೂಳೆ ಅವಳಿಗೆ ಹುಟ್ಟಿನಿಂದಲೇ ಇರಲಿಲ್ಲ. ಇದ್ದ ಮೂಳೆ ಬಾಗಿತ್ತು, ಪಾದ ಹೊರಕ್ಕೆ ವಾಲಿತ್ತು, ಕಾಲು ಗಿಡ್ಡವಾಗಿತ್ತು. ಮೊದಲು ನೋಡಿದ ವೈದ್ಯರು ಪಾದ ತೆಗೆದು ಕೃತಕ ಕಾಲು ಹಾಕಿಸುವುದು ಒಳ್ಳೆಯದೆಂದರು. ಎರಡನೆಯವರು, ಉಳಿಸಿ ನೋಡೋಣ ಎಂದರು.

ಅವರು ಪಾದವನ್ನು ನೇರಕ್ಕೆ ತಂದು, ಮೂಳೆಯನ್ನು ಕತ್ತರಿಸಿ, ಕಾಲಿನ ಸುತ್ತ ಉಕ್ಕಿನ ಬಳೆಗಳನ್ನು ಕೂರಿಸಿದರು. ಬಳೆಗೆ ಬಿಗಿದ ತಂತಿಗಳು ಮೂಳೆಯನ್ನು ಹಾದುಹೋಗುತ್ತಿದ್ದವು. ನಟ್ಟುಗಳನ್ನು ದಿನವೂ ಚೂರುಚೂರೇ ತಿರುಗಿಸಿದರೆ ಕತ್ತರಿಸಿದ ತುದಿಗಳು ದೂರವಾಗಿ, ನಡುವೆ ಹೊಸ ಮೂಳೆ ಬೆಳೆಯಬೇಕು. ತಿರುಗಿಸುವ ಕೆಲಸ ಅಮ್ಮನದು.

ಆ ದಿನಗಳಲ್ಲಿ ತ್ರಾಸಿ ಊರಿನ ನಮ್ಮ ಮನೆಯಂಗಳ ಸುತ್ತಲಿನ ಮಕ್ಕಳಿಗೆಲ್ಲ ಆಟದ ಜಾಗ. ಪ್ರಮೀಳೆ ಜಗಲಿಯಲ್ಲಿ ಕಾಲು ಚಾಚಿ ಕೂತು ಕಲ್ಲಾಟ ಆಡುತ್ತಿದ್ದಳು. ಪಕ್ಕದ ಮನೆಯ ರಾಘು ಬಂದು ಕೆಣಕುತ್ತಿದ್ದ.

"ಹ್ವಾಯ್ ಪ್ರಮೀಳಾ, ನಿನ್ ಕಾಲಂಗೆ ಟಿವಿ ಬತ್ತಾ?"

"ಬತ್ತ್. ನೀ ಅಡ್ಡ ನಿಂತ್ರೆ ಬರೀ ಗೆರೆ."

ನೋವಿಗೆ ಅವಳು ಅತ್ತದ್ದು ಕಡಿಮೆ. ಅತ್ತದ್ದು ಮೀನಿಗೆ. ಅಮ್ಮ ಗಂಗೊಳ್ಳಿ ಬಂದರಿನಿಂದ ಮೀನು ತಂದು ಮನೆಮನೆಗೆ ಮಾರುತ್ತಿದ್ದಳು. ನಮ್ಮ ಒಲೆಯಲ್ಲಿ ದಿನವೂ ಸಾರು ಕುದಿಯುತ್ತಿತ್ತು. ಆದರೆ ಅಪ್ಪನ ತಾಯಿ, ನಮ್ಮಜ್ಜಿ, ಆಸ್ಪತ್ರೆಯಿಂದ ಬಂದ ದಿನವೇ ಪಥ್ಯ ವಿಧಿಸಿದ್ದರು.

"ಕಾಲಂಗೆ ಇಷ್ಟ್ ತೂತ್ ಇಪ್ಪತಿಗೆ ಮೀನ್ ತಿಂಬುಕಾಗ. ನಂಜಾತ್ತ್, ಕೀವ್ ತುಂಬತ್ತ್."

ನಮ್ಮ ಕಡೆ ಇದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ. ನಾವು ಬಂಗುಡೆ ಮೀನಿನ ಸಾರಿನಲ್ಲಿ ಉಣ್ಣುವಾಗ ಪ್ರಮೀಳೆಗೆ ಗಂಜಿ, ಉಪ್ಪು, ಸುಟ್ಟ ಹಪ್ಪಳ. ಅಮ್ಮ ಸೋಪಿನಲ್ಲಿ ಕೈ ತೊಳೆದು ನಟ್ಟು ತಿರುಗಿಸಲು ಕೂತರೆ, ಅವಳು ಆ ಕೈ ಹಿಡಿದು ಮೂಸುತ್ತಿದ್ದಳು. "ಇವತ್ ಕಾಣೆ ಮೀನ್ ಅಲ್ದಾ ಅಮ್ಮ?" ಅವಳ ಊಹೆ ತಪ್ಪುತ್ತಿದ್ದುದು ಅಪರೂಪ.

ತಪಾಸಣೆಗೆ ಹೋದಾಗ ಅಮ್ಮ, ಅಜ್ಜಿಯ ಜೊತೆ ನಾನೂ ಇದ್ದೆ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೂಳೆಯ ತುದಿಗಳ ನಡುವೆ ಕಪ್ಪು ಮಾತ್ರ ಇತ್ತು. ಅಲ್ಲಿ ಮೋಡದಂಥ ನೆರಳು ಮೂಡಿರಬೇಕಿತ್ತಂತೆ.

"ಸದ್ಯ ತಿರುಗಿಸುವುದನ್ನು ನಿಲ್ಲಿಸಿ. ಮುಂದಿನ ಸಲವೂ ಹೀಗೇ ಇದ್ದರೆ ಕಾಲು ಉದ್ದ ಮಾಡುವುದನ್ನು ಇಲ್ಲಿಗೇ ಬಿಡಬೇಕು," ಎಂದರು. "ಮಗು ಏನು ತಿನ್ನುತ್ತಾಳೆ?"

ಅಜ್ಜಿ ಹೆಮ್ಮೆಯಿಂದ ಉತ್ತರಿಸಿದರು. "ಪಥ್ಯ ಸಮ ಮಾಡಿತ್ ಡಾಕ್ಟ್ರೆ. ಗಂಜಿ, ಹಪ್ಪಳ, ಅಷ್ಟೇ. ಒಂದ್ ತುಂಡ್ ಮೀನ್ ಕೊಡ್ಲಿಲ್ಲೆ."

"ನಿಮ್ಮ ಮನೆಯಲ್ಲಿ ಕಸುಬೇನು?"

"ಮೀನ್ ಮಾರುದ್," ಎಂದಳು ಅಮ್ಮ ಮೆಲ್ಲಗೆ.

ವೈದ್ಯರು ಗದರಲಿಲ್ಲ. ಕುರ್ಚಿಯನ್ನು ಅಜ್ಜಿಯ ಎದುರಿಗೆ ಎಳೆದುಕೊಂಡು ಕೂತು, ಮೂಳೆ ಕಟ್ಟಲು ದೇಹಕ್ಕೆ ಸಾಮಗ್ರಿ ಬೇಕು, ಮೀನು, ಮೊಟ್ಟೆ, ಹಾಲು ಅದಕ್ಕೇ ಎಂದು ವಿವರಿಸಿದರು. ಗಾಯ ಕೀವಾಗದಂತೆ ಕಾಯುವುದು ಶುಚಿತ್ವ, ಉಪವಾಸವಲ್ಲ ಎಂದರು. ಹೊರಗೆ ಕಾಯುವವರ ಸಾಲು ಉದ್ದವಿತ್ತು. ಅವರು ಅವಸರ ಮಾಡಲಿಲ್ಲ.

ಬಸ್ಸಿನಲ್ಲಿ ಅಜ್ಜಿ ತಮ್ಮ ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ನೋಡುತ್ತ ಕೂತರು. ಹಿಂದಿನ ದಿನವಷ್ಟೇ ಮೀನು ಹೆಚ್ಚುವಾಗ ಮೆಟ್ಟುಕತ್ತಿ ತಾಗಿ ಗಾಯವಾಗಿತ್ತು. ತಮ್ಮದೇ ನಿಯಮದಂತೆ ಅವರೂ ಮೀನು ಬಿಟ್ಟಿದ್ದರು. ಮರುದಿನ ಮಧ್ಯಾಹ್ನ ದೊಡ್ಡ ಬಂಗುಡೆಯೊಂದನ್ನು ತಾವೇ ಬಡಿಸಿಕೊಂಡರು.

"ಎಂತದ್ ಅತ್ತೆ? ಗಾಯ ಇತ್ತಲೆ?" ಅಮ್ಮ ಗಾಬರಿಯಾದಳು.

"ಅದ್ಕೇ ತಿಂಬುದ್. ಕೀವಾರೆ ನಂಗೇ ಆಯ್ಲಿ, ಹೆಣ್ಣಿಗ್ ಬ್ಯಾಡ."

ಪ್ರತಿ ಬೆಳಿಗ್ಗೆ ಅಜ್ಜಿ ಗಾಯದ ಬಟ್ಟೆ ಬಿಚ್ಚಿ ಪ್ರಮೀಳೆಗೆ ಬೆರಳು ತೋರಿಸುತ್ತಿದ್ದರು. ಅವಳು ಬೆಳಕಿಗೆ ಹಿಡಿದು, ಥೇಟ್ ವೈದ್ಯರಂತೆ ಪರೀಕ್ಷಿಸುತ್ತಿದ್ದಳು. ಕೊನೆಗೊಂದು ದಿನ ತೀರ್ಪು ಕೊಟ್ಟಳು: "ಒಣಗಿತ್ತ್ ಅಜ್ಜಿ. ಇನ್ನ್ ನಂಗ್ ಹಾಕ್."

ಅಜ್ಜಿ ಮುಳ್ಳು ಬಿಡಿಸಿ, ಕಾಣೆ ಮೀನಿನ ತುಂಡನ್ನು ಅವಳ ಗಂಜಿಯ ಮೇಲಿಟ್ಟರು. "ನಿಧಾನ ತಿನ್, ಯಾರೂ ಕಸ್ಕಂಬುದಿಲ್ಲೆ." ಮೊಟ್ಟೆಯೂ ಬಂತು, ಹಾಲೂ ಬಂತು.

ಮುಂದಿನ ಎಕ್ಸ್‌ರೇಯಲ್ಲಿ ಕಪ್ಪಿನ ನಡುವೆ ಬೂದು ಎಳೆಗಳಿದ್ದವು. ಅದು ಮೀನಿನಿಂದಲೇ ಆಯಿತು ಎನ್ನಲಾರೆ. ತಿರುಗಿಸುವುದನ್ನು ನಿಲ್ಲಿಸಿದ್ದೂ ಕಾರಣವಿರಬಹುದು. ಅಜ್ಜಿ ಮಾತ್ರ ಆ ಚಿತ್ರವನ್ನು ಕೈಗೆ ಇಸಿದುಕೊಂಡು ಬಹಳ ಹೊತ್ತು ನೋಡಿದರು. ಅಮ್ಮ ಮತ್ತೆ ನಟ್ಟು ತಿರುಗಿಸತೊಡಗಿದಳು. ಮುಂದಿನ ಮಳೆಗಾಲ ಹಿಡಿಯುವ ಮೊದಲು ಬಳೆಗಳನ್ನು ಬಿಚ್ಚಿದರು. ಪ್ರಮೀಳೆ ಹೈಸ್ಕೂಲಿನಲ್ಲಿದ್ದಾಗ ಅದೇ ವೈದ್ಯರು ಇನ್ನೊಮ್ಮೆ ಕಾಲನ್ನು ಉದ್ದ ಮಾಡಿದರು.

ಅಜ್ಜಿ ಈಗಿಲ್ಲ. ಅಂಗಳ ಅಗಲವಾದ ಹೆದ್ದಾರಿಯ ಪಾಲಾಯಿತು; ಅಲ್ಲಿ ಆಡಲು ಮಕ್ಕಳೂ ಬರುವುದಿಲ್ಲ. ವೈದ್ಯರು ನಿವೃತ್ತರಾಗಿದ್ದಾರೆ. ಪ್ರಮೀಳೆಯ ಬಲಗಾಲು ಈಗಲೂ ಸ್ವಲ್ಪ ಗಿಡ್ಡ. ಚಪ್ಪಲಿಯೊಳಗೆ ತೆಳುವಾದ ಮೆತ್ತೆ ಇಡುತ್ತಾಳೆ. ಬಿಜೂರಿನ ಶಾಲೆಯೊಂದರಲ್ಲಿ ಟೀಚರ್. ನಿನ್ನೆ ಬೆಳಿಗ್ಗೆ ಅವಳಿಗೆ ತಡವಾಯಿತು. ಬಸ್ಸು ಹೊರಟಿತ್ತು. ಓಡಿ ಹತ್ತಿದಳು.