ಮಾಳಿಗೆ ಮೇಲಿನ ಹಾಸಿಗೆ

ಗಾಳಿಯಲ್ಲಿರುವ ನೀರಿನ ಆವಿ ಭೂಮಿಯ ಬಿಸಿಯನ್ನು ಹೊರಗೆ ಹೋಗಗೊಡದೆ ಹಿಡಿದಿಡುತ್ತದೆ ಎಂದು ಮೊನ್ನೆ ನೀವು ಪಾಠ ಓದುತ್ತಿದ್ದಿರಿ. ಗಾಳಿ ಕಾದಷ್ಟೂ ಆವಿ ಹೆಚ್ಚುತ್ತದಂತೆ, ಆವಿ ಹೆಚ್ಚಿದಷ್ಟೂ ಗಾಳಿ ಇನ್ನೂ ಕಾಯುತ್ತದಂತೆ. ನಮ್ಮ ಹಳ್ಳಿಯ ಶಾಲೆಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಮೈಗೆ ಮಾತ್ರ ಗೊತ್ತಿತ್ತು, ಮಕ್ಕಳೇ.

ನಿಮ್ಮ ಅಜ್ಜ ಹೋದ ಮೇಲೆ ನಾನು ಪಟ್ಟಣದ ಬಾಲಾನಗರ ಬಡಾವಣೆಯಲ್ಲಿ, ತಮ್ಮನ ಮನೆಯಲ್ಲಿದ್ದೆ. ಬೇಸಿಗೆಯ ಸಂಜೆ ಮಾಳಿಗೆಗೆ ನೀರು ಹೊಡೆದು, ಆರಿದ ಮೇಲೆ ಹಾಸಿಗೆ ಬಿಚ್ಚುತ್ತಿದ್ದೆ. ಒಣ ಹವೆಯಿದ್ದರೆ ಬಿಸಿಯೆಲ್ಲ ಆಕಾಶಕ್ಕೆ ಹೋಗಿ, ಬೆಳಗಿನ ಹೊತ್ತಿಗೆ ಕೌದಿ ಬೇಕೆನಿಸುತ್ತಿತ್ತು. ಮಳೆಗಾಲ ಸಮೀಪಿಸಿ ಹವೆ ತೇವವಾದರೆ ಬೆಳಕು ಹರಿದರೂ ಸೆಕೆ ಇಳಿಯುತ್ತಿರಲಿಲ್ಲ. ಆದರೂ ನಾನು ಅಲ್ಲೇ ಮಲಗುತ್ತಿದ್ದೆ. ಆ ಮನೆಯಲ್ಲಿ ನನ್ನದೆನ್ನುವ ಜಾಗ ಅದೊಂದೇ.

“ಅಕ್ಕಾ, ಈ ಮಾಳಿಗಿ ನಿನ್ನದ ಐತಿ ತಿಳ್ಕೋ,” ಎಂದಿದ್ದ ತಮ್ಮ. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನಂಬಿದೆ.

ಆಗ ಊರ ತುಂಬ ಕಂಪ್ಯೂಟರ್ ಕಂಪನಿಗಳು ಬಂದವು, ಬಾಡಿಗೆ ಕೋಣೆ ಸಿಗದಂತಾಯಿತು. ನಾನು ನಿಮ್ಮ ತಾಯಿಯ ಬಾಣಂತನ ಮುಗಿಸಿ ಬರುವಷ್ಟರಲ್ಲಿ ಮಾಳಿಗೆ ಮೇಲೆ ಕೋಣೆಗಳು ಎದ್ದಿದ್ದವು. ನನ್ನ ಹಾಸಿಗೆ ಅಡುಗೆಮನೆಯ ಹಿಂದೆ, ಕಿಟಕಿಯಿಲ್ಲದ ಕೋಣೆಗೆ ಇಳಿದಿತ್ತು. ಜೊತೆಗೊಂದು ನೀರು ತುಂಬಿ ಹಚ್ಚುವ ಹೊಸ ಕೂಲರ್.

ನಮ್ಮೂರ ಮಣ್ಣಿನ ಮನೆಯಲ್ಲಿ ಮಧ್ಯಾಹ್ನ ಕದ ಹಾಕಿದರೆ ತಂಪು ಉಳಿಯುತ್ತಿತ್ತು. ಇಲ್ಲೂ ಹಾಗೇ ಮಾಡಿದೆ. ಕೂಲರ್ ತೇವವನ್ನು ಊದಿ ಊದಿ ತುಂಬಿಸಿತು. ನನ್ನ ಮೈಯ ಬೆವರು ಆರಲೇ ಇಲ್ಲ.

“ಕದಾ ಹಾಕ್ಕೊಂಡು ಕೂಲರ್ ಹಚ್ಚಿದ್ರ ಇಡ್ಲಿ ಹಂಗ ಬೇಯ್ತೀರಿ, ಅಕ್ಕಾರ!” ತಮ್ಮನ ಹೆಂಡತಿ ನಕ್ಕಳು.

ಅಷ್ಟರಲ್ಲಿ ಮೇಲಿನ ಕೋಣೆಗೆ ಬಂದಿದ್ದ ಕಂಪನಿ ಹುಡುಗಿ ಮಿಠಾಯಿ ಹಿಡಿದು ಬಂದಳು. ಮೊಣಕಾಲು ನೋವೆಂದು ನಾನೇ ಮಾಳಿಗೆ ಬಿಟ್ಟುಕೊಟ್ಟೆನಂತೆ. ತುಂಬ ಉಪಕಾರವಾಯಿತು ಎಂದು ಹಿಂದಿಯಲ್ಲಿ ಹೇಳಿದಳು. ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ತಮ್ಮ ಅಲ್ಲೇ ಕುಳಿತಿದ್ದ.

“ನಾ ಹಂಗ ಅಂದಿಲ್ಲ,” ಎಂದೆ. ಹೊರಗಿನವರ ಮುಂದೆ ನಾನು ಬಾಯಿ ತೆರೆದದ್ದೇ ಅಪರೂಪ.

ಏನೆಂದರು ಎಂದು ಹುಡುಗಿ ತಮ್ಮನನ್ನು ಕೇಳಿದಳು.

“ಈಗ ನೋವು ಸ್ವಲ್ಪ ಕಡಿಮೆಯಂತೆ,” ಎಂದು ಅವನು ಹಿಂದಿಯಲ್ಲಿ ಹೇಳಿದ.

ನನಗೆ ಹಿಂದಿ ಆಡಲು ಬಾರದು, ಆದರೆ ಕೇಳಿದರೆ ತಿಳಿಯುತ್ತದೆ. ಅದು ಅವನಿಗೂ ಗೊತ್ತಿತ್ತು.