ಮುಖ ನೋಡಿ ಕೇಳುವ ಆಟ

ಒಂದು ಆಟದ ಡಬ್ಬಿ ಕೊಳ್ಳಲು ನಾನು ಅಂಗಡಿಯಲ್ಲಿ ಒಂದು ತಾಸು ನಿಂತೆ ಎಂದು ಮಗಳು ಈಗಲೂ ಕಂಡವರ ಮುಂದೆಲ್ಲ ಹೇಳಿಕೊಂಡು ನಗುತ್ತಾಳೆ. ನಗಲಿ. ಸೀರೆ ಆರಿಸುವಾಗಲೂ ನಾನು ಅಷ್ಟು ಹೊತ್ತು ತೆಗೆದುಕೊಂಡವಳಲ್ಲ. ಆದರೆ ಆ ಶನಿವಾರ ನನ್ನ ಪರ್ಸಿನಲ್ಲಿ ಬಡ್ತಿಯ ಕಾಗದವಿತ್ತು. ಸೋಮವಾರದೊಳಗೆ ಅದಕ್ಕೆ ಒಪ್ಪಿಗೆಯ ಸಹಿ ಹಾಕಬೇಕಿತ್ತು. ಮನೆಯಲ್ಲಿ ಮಾತ್ರ ಅದಕ್ಕೆ ಆಗಲೇ ಬೇಡ ಎಂದಾಗಿತ್ತು.

ಗದಗಿನ ಸರಕಾರಿ ಕಚೇರಿಯೊಂದರಲ್ಲಿ ನಾನು ಹದಿನಾರು ವರ್ಷದಿಂದ ಒಂದೇ ಮೇಜಿನ ಹಿಂದೆ ಕುಳಿತಿದ್ದೆ. ಬಡ್ತಿ ಬಂದದ್ದು ಮುಂಡರಗಿಗೆ. ಬೆಟಗೇರಿಯ ನಮ್ಮ ಮನೆಯಿಂದ ಬೆಳಿಗ್ಗೆ ಬೇಗ ಹೊರಟು ಬಸ್ಸು ಹಿಡಿದರೆ ಆರಾಮವಾಗಿ ಮುಟ್ಟಬಹುದು. ಕಾಗದ ಕೈಗೆ ಬಂದ ದಿನ ಕಚೇರಿಯಲ್ಲಿ ಪೇಢೆ ಹಂಚಿದೆ. ಮೂರನೆಯ ದಿನ ನನ್ನ ಗಂಡ ಊಟಕ್ಕೆ ಕುಳಿತಾಗ, ತಾಟಿನಿಂದ ಕಣ್ಣೆತ್ತದೆ, "ಅಣ್ಣ ಬ್ಯಾಡ ಅಂದ" ಎಂದರು. ಅಷ್ಟೇ. ನನಗೆ ಪಿತ್ತ ನೆತ್ತಿಗೇರಿತು.

ಅಣ್ಣ ಎಂದರೆ ನನ್ನ ಭಾವನವರು. ಶಿರಹಟ್ಟಿಯಲ್ಲಿ ಇರುತ್ತಾರೆ, ನಿವೃತ್ತ ಹೆಡ್ ಮಾಸ್ತರರು. ಮಾವನವರು ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಓದಿಸಿ ದಡ ಮುಟ್ಟಿಸಿದವರು ಅವರೇ. ಹೀಗಾಗಿ ನನ್ನ ಗಂಡ ಅಣ್ಣನನ್ನು ಕೇಳದೆ ಒಂದು ಹೊಸ ಫ್ಯಾನನ್ನೂ ತಂದವರಲ್ಲ. ಭಾವನವರಿಗೆ ನನ್ನ ಮೇಲೆ ಕೋಪವೇನೂ ಇರಲಿಲ್ಲ. ತೊಂದರೆ ಬೇರೆಯದೇ ಇತ್ತು. ಮದುವೆಯಾಗಿ ಹದಿನೆಂಟು ವರ್ಷವಾದರೂ ನಾವಿಬ್ಬರೂ ಒಮ್ಮೆಯೂ ನೇರವಾಗಿ ಮಾತನಾಡಿರಲಿಲ್ಲ.

ಯಾರೂ ಮಾತಾಡಬೇಡಿ ಎಂದಿರಲಿಲ್ಲ. ಗಂಡನ ಅಣ್ಣನ ಎದುರು ನಿಂತು ಮಾತಾಡುವುದು ನಮ್ಮ ಕಡೆ ಹಿಂದಿನಿಂದಲೂ ಇಲ್ಲ. ಅತ್ತೆಯವರ ಕಾಲದಲ್ಲಿ ಎದುರಿಗೇ ಬರುತ್ತಿರಲಿಲ್ಲವಂತೆ. ನಾನು ಬರುತ್ತಿದ್ದೆ, ಬಡಿಸುತ್ತಿದ್ದೆ, ಮಾತಷ್ಟೇ ಇಲ್ಲ. "ದೊಡ್ಡಪ್ಪಗ ಚಾ ಬೇಕೇನು ಕೇಳು" ಎಂದು ನಾನು ಮಗಳಿಗೆ ಹೇಳುವುದು, "ನಿಮ್ಮವ್ವಗ ಹೇಳು, ಈಗ ಬ್ಯಾಡ ಅಂತ" ಎಂದು ಅವರು ಹೇಳುವುದು. ಇಬ್ಬರ ನಡುವೆ ನಾಲ್ಕು ಹೆಜ್ಜೆ ದೂರ. ಕಚೇರಿಯಲ್ಲಿ ದಿನಕ್ಕೆ ನೂರು ಗಂಡಸರ ಜೊತೆ ಜಗಳಾಡುವ ನಾನು ಮನೆಯಲ್ಲಿ ಹೀಗಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ದೊಡ್ಡ ಮಾತುಗಳಿಗೆ ಗಂಡನೇ ಟಪಾಲಿನವರು. ಒಳ್ಳೆಯ ಮನುಷ್ಯ, ಆದರೆ ಟಪಾಲಿನ ಕೆಲಸಕ್ಕೆ ದಂಡ. ನಾನು ಒಂದು ಪುಟ ಹೇಳಿದರೆ ಅಲ್ಲಿಗೆ ಒಂದು ಸಾಲು ಮುಟ್ಟುತ್ತಿತ್ತು.

ಪ್ರತಿ ರವಿವಾರ ಭಾವನವರು ನಮ್ಮಲ್ಲಿರುವ ತಾಯಿಯನ್ನು ನೋಡಲು ಶಿರಹಟ್ಟಿಯಿಂದ ಬರುತ್ತಾರೆ. ಮಗಳ ಮೊಬೈಲ್ ಹುಚ್ಚು ಬಿಡಿಸಲೆಂದು ಆ ಸಂಜೆ ಎಲ್ಲರೂ ಕೂಡಿ ಏನಾದರೂ ಆಡುವ ರೂಢಿ ಮಾಡಿಕೊಂಡಿದ್ದೆವು. ಕೇರಂ, ಹಾವು ಏಣಿ ಆಡಿ ಆಡಿ ಮಗಳಿಗೆ ಬೇಸರ ಬಂದಿತ್ತು. ಈ ಸಲ ಕಳ್ಳನನ್ನು ಪತ್ತೆ ಹಚ್ಚುವ ಆಟ ಬೇಕೆಂದು ಹಟ ಹಿಡಿದಿದ್ದಳು. ಅದಕ್ಕೇ ನಾನು ಗದಗಿನ ಆ ಅಂಗಡಿಯಲ್ಲಿ ನಿಂತದ್ದು.

ಅಂಗಡಿಯವರು ಮೊದಲು ತೆಗೆದ ಡಬ್ಬಿಯ ಮೇಲೆ ಒಂದು ಹೆಣ ಬಿದ್ದಿತ್ತು, ಪಕ್ಕದಲ್ಲಿ ಚಾಕು. "ಇದು ಭಾಳ ಹೋಗ್ತೈತ್ರಿ ಅಕ್ಕಾರ" ಎಂದರು. ಶ್ರಾವಣದಲ್ಲಿ ಹೆಣದ ಚಿತ್ರ ಒಳಗೆ ತಂದರೆ ಅತ್ತೆಯವರು ನನ್ನನ್ನೂ ಡಬ್ಬಿಯನ್ನೂ ಕೂಡಿಯೇ ಹೊರಗೆ ಹಾಕುತ್ತಾರೆ. ಬೇಡವೆಂದೆ. ಎರಡನೆಯದರಲ್ಲಿ ಎಲ್ಲರೂ ಒಂದೇ ಪಕ್ಷ. ಸುಮ್ಮನೆ ಕಾಗದಪತ್ರ ಓದಿ ಯೋಚಿಸಬೇಕು. ನಮ್ಮ ಮನೆಯಲ್ಲಿ ಸುಮ್ಮನಿರುವುದಕ್ಕೆ ಆಟ ಬೇರೆ ಬೇಕೇ? ಅದೂ ಬೇಡವೆಂದೆ. ಮೂರನೆಯದು ಬಂಗಲೆಯೊಂದರಲ್ಲಿ ಕಳುವಾದ ಹಾರದ ಆಟ. ಮಾಲಿ, ಡ್ರೈವರ್ ಮುಂತಾದ ಅನುಮಾನದ ಜನರ ಚೀಟಿಗಳು, ಕೋಣೆಗಳ ಚೀಟಿಗಳು. ಕದ್ದವನ ಚೀಟಿ ಮತ್ತು ಹಾರ ಅಡಗಿಸಿದ ಕೋಣೆಯ ಚೀಟಿ ಒಂದು ಲಕೋಟೆಯಲ್ಲಿರುತ್ತವೆ. ಉಳಿದವು ಆಟಗಾರರ ಕೈಯಲ್ಲಿ. ಯಾರ ಹತ್ತಿರ ಏನಿದೆ ಎಂದು ಕೇಳಿ ತಿಳಿದು, ಯಾರ ಹತ್ತಿರವೂ ಇಲ್ಲದ್ದನ್ನು ಹಿಡಿಯಬೇಕು. ನಿಯಮಗಳ ಹಾಳೆ ಬಿಡಿಸಿ ಓದಿದೆ. ಆಟಗಾರ ತನ್ನ ಬಲಕ್ಕೆ ಕುಳಿತವರನ್ನು ಮುಖ ನೋಡಿ ತಾನೇ ಕೇಳಬೇಕು, ಬೇರೆಯವರ ಬಾಯಿಂದ ಕೇಳಿಸಿದರೆ ಸರದಿ ಹೋಗುತ್ತದೆ ಎಂದಿತ್ತು. ಆ ಸಾಲನ್ನು ನಾನು ಮೂರು ಸಲ ಓದಿದೆ.

"ಅದರಾಗ ಆಟ ಕಮ್ಮಿ, ಮಾತ ಜಾಸ್ತಿ ಐತ್ರಿ. ಯಾರೂ ಒಯ್ಯಂಗಿಲ್ಲ" ಎಂದು ಅಂಗಡಿಯವರು ಎಚ್ಚರಿಸಿದರು.

"ನನಗ ಅದ ಬೇಕ್ರಿ. ಕಟ್ರಿ" ಎಂದೆ.

ಭಾವನವರ ಬಗ್ಗೆ ನನಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷ ಶಾಲೆ ನಡೆಸಿದ ಮನುಷ್ಯ. ಅಚ್ಚಾದ ನಿಯಮವನ್ನು ಸತ್ತರೂ ಮುರಿಯುವವರಲ್ಲ.

ರವಿವಾರ ಸಂಜೆ ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ಅತ್ತೆಯವರು ಗೋಡೆಗೆ ಒರಗಿ ಶೇಂಗಾ ಸುಲಿಯುತ್ತ ಕುಳಿತರು. ನಾವು ನಾಲ್ವರು ಸುತ್ತ ಕುಳಿತೆವು. ಭಾವನವರು ನನ್ನ ಬಲಕ್ಕೆ ಬರುವಂತೆ ಮಣೆ ಇಟ್ಟವಳು ನಾನೇ. ಮಗಳು ನಿಯಮಗಳನ್ನು ಕನ್ನಡದಲ್ಲಿ ಓದಿ ಹೇಳಿದಳು. ಮುಖ ನೋಡಿ ಕೇಳಬೇಕು ಎಂಬಲ್ಲಿಗೆ ಬಂದಾಗ ನನ್ನ ಗಂಡ ನನ್ನತ್ತ ನೋಡಿದರು. ನಾನು ಚೀಟಿ ಜೋಡಿಸಿಕೊಳ್ಳುತ್ತಿದ್ದೆ.

ಇಷ್ಟೆಲ್ಲ ಹೂಡಿದ ನಾನೇ ಮೊದಲ ಸರದಿಯಲ್ಲಿ ಮುಗ್ಗರಿಸಿದೆ. ಹದಿನೆಂಟು ವರ್ಷದ ಚಟ. ಬಾಯಿ ತೆರೆದರೆ ಬಂದದ್ದು, "ದೊಡ್ಡಪ್ಪಗ ಕೇಳು, ಮಾಲಿ ಚೀಟಿ ಅವರ ಕಡೆ ಐತೇನು ಅಂತ."

"ಸರದಿ ಹೋತು ಮಮ್ಮಿ" ಎಂದಳು ಮಗಳು.

ಎರಡನೆಯ ಸರದಿ ಬಂತು. ಭಾವನವರು ನೆಲ ನೋಡುತ್ತಿದ್ದರು. ನಾನು ಅತ್ತೆಯವರ ಕಡೆ ನೋಡಿದೆ. ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನಿಯಮ ಐತಿ ಅಂದ ಮ್ಯಾಲ ಕೇಳಬೇಕು. ಕೇಳವಾ" ಎಂದರು.

"ಭಾವಾರ, ಮಾಲಿ ಚೀಟಿ ನಿಮ್ಮ ಕಡೆ ಐತೇನ್ರಿ?"

ಭಾವನವರು ಗಂಟಲು ಸರಿ ಮಾಡಿಕೊಂಡರು, ಕನ್ನಡಕ ಸರಿ ಮಾಡಿಕೊಂಡರು. ನಂತರ ಮುಖವೆತ್ತಿ ನನ್ನನ್ನೇ ನೋಡಿ, "ಐತವಾ" ಎಂದರು. ಅವರ ಕಣ್ಣುಗಳು ತುಸು ಕಂದು ಬಣ್ಣದವು ಎಂದು ನನಗೆ ಗೊತ್ತಾದದ್ದು ಆಗಲೇ.

ಮುಂದೆ ನನ್ನನ್ನು ತಡೆಯುವವರಿರಲಿಲ್ಲ. ಡ್ರೈವರ್, ಡಾಕ್ಟರ್, ಅಡುಗೆಯವಳು, ಮಹಡಿ ಕೋಣೆ, ತೋಟದ ಮನೆ, ಸರದಿ ಬಂದಾಗಲೆಲ್ಲ ಕೇಳಿದೆ. ಅವರೂ ಪರೀಕ್ಷೆಗೆ ಕುಳಿತವರಂತೆ ನೆಟ್ಟಗೆ ಕುಳಿತು ಉತ್ತರ ಕೊಟ್ಟರು. ಏಳನೆಯ ಸುತ್ತಿಗೆ, ಬಂಗಲೆಯ ಭಾವೀ ಅಳಿಯನೇ ಹಾರ ಕದ್ದು ಉಗ್ರಾಣದಲ್ಲಿ ಇಟ್ಟಿದ್ದಾನೆಂದು ಹೇಳಿ ಲಕೋಟೆ ಒಡೆದೆ. ಸರಿಯಾಗಿತ್ತು. ಮಗಳು ಚಪ್ಪಾಳೆ ತಟ್ಟಿದಳು. "ಭಾಳ ಶಾಣ್ಯಾಕಿ ಅದೀಯವಾ" ಎಂದರು ಭಾವನವರು. ಮಗಳಿಗೆ ಹೇಳಿ ಕಳಿಸಲಿಲ್ಲ, ನನಗೇ ಹೇಳಿದರು.

ಈಗ ಬಿಟ್ಟರೆ ಇನ್ನೊಂದು ಹದಿನೆಂಟು ವರ್ಷ ಎನಿಸಿತು. ಲಕೋಟೆ ಕೈಯಲ್ಲಿ ಹಿಡಿದೇ ಕೇಳಿಬಿಟ್ಟೆ. "ಭಾವಾರ, ಇನ್ನೊಂದು ಕೇಳೂದೈತ್ರಿ. ಇದು ಆಟದ್ದಲ್ಲ. ಸೋಮವಾರದೊಳಗ ಸಹಿ ಹಾಕಬೇಕ್ರಿ, ನನ್ನ ಮುಂಡರಗಿ ಬಡ್ತಿಗೆ ನೀವು ಯಾಕ ಬ್ಯಾಡ ಅಂದ್ರಿ?"

ಭಾವನವರು ಕಕ್ಕಾಬಿಕ್ಕಿಯಾದರು. "ನಾ ಯಾಕ ಬ್ಯಾಡ ಅನ್ನಲವಾ? ನಿನಗ ಹೋಗಾಕ ಮನಸಿಲ್ಲ, ದಿನಾ ಬಸ್ಸು ಆಗೂದಿಲ್ಲ ಅಂತೀದಿ ಅಂತ ಇಂವ ಹೇಳಿದ. ಹಂಗಾರ ಬ್ಯಾಡ ಬಿಡು ಅಂದೆ."

ಪಡಸಾಲೆಯಲ್ಲಿ ಎಲ್ಲರೂ ಒಬ್ಬರ ಕಡೆಯೇ ತಿರುಗಿದೆವು. ನನ್ನ ಗಂಡ ಆಟದ ಚೀಟಿಗಳನ್ನು ಬಹಳ ಶ್ರದ್ಧೆಯಿಂದ ಡಬ್ಬಿಯಲ್ಲಿ ಜೋಡಿಸುತ್ತಿದ್ದರು.

"ಮುಂಜಾನಿ ಬುತ್ತಿ ಯಾರು ಕಟ್ಟಬೇಕು ಅಂತ..." ಎಂದು ಶುರು ಮಾಡಿ ಅಲ್ಲೇ ನಿಲ್ಲಿಸಿದರು.

"ನಿನಗೇನು ಕೈ ಇಲ್ಲೇನ್ಲೇ?" ಎಂದರು ಅತ್ತೆಯವರು. ಶೇಂಗಾದ ಮೊರ ಪಕ್ಕಕ್ಕೆ ಸರಿಸಿದ್ದರು. ಅವರು ಹೀಗೆ ಮಗನಿಗೆ ಬೈದದ್ದನ್ನು ನಾನು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ, ಗಂಡನ ಮೇಲೆ ಬರಬೇಕಿದ್ದ ಸಿಟ್ಟು ಅರ್ಧಕ್ಕರ್ಧ ಇಳಿದುಹೋಯಿತು. ಉಳಿದರ್ಧವನ್ನು ಆಮೇಲೆ ಬೇರೆಯಾಗಿ ತೀರಿಸಿಕೊಂಡೆ, ಅದು ಇಲ್ಲಿ ಬೇಡ.

ಭಾವನವರು ಅಂಗಿಯ ಕಿಸೆಯಿಂದ ಪೆನ್ನು ತೆಗೆದರು. ಮಗಳ ಕೈಗೆ ಕೊಡಲು ಹೋದವರು ತಡೆದು, ನನ್ನತ್ತಲೇ ಚಾಚಿದರು. "ಸೋಮವಾರ ಅಂದ್ರ ನಾಳೇನ ಅಲ್ಲೇನವಾ. ಸಹಿ ಮಾಡಿಬಿಡು."

ಪರ್ಸಿನಿಂದ ಕಾಗದ ತಂದು, ಡಬ್ಬಿಯ ಮುಚ್ಚಳದ ಮೇಲಿಟ್ಟು, ಎಲ್ಲರ ಎದುರಿಗೆ ಸಹಿ ಹಾಕಿದೆ. ಸಹಿಯ ಕೆಳಗೆ ತಾರೀಖು ಬರೆಯಬೇಕಿತ್ತು. ದಿನಕ್ಕೆ ಐವತ್ತು ಸಲ ತಾರೀಖು ಬರೆಯುವ ನನಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಆದರೂ ತಲೆಯೆತ್ತಿ, ಅವರ ಮುಖ ನೋಡಿ, "ಭಾವಾರ, ಇವತ್ತ ತಾರೀಖು ಎಷ್ಟ್ರಿ?" ಎಂದು ಕೇಳಿದೆ.